ಜೊತೆಗೆ ಓಡುವವನು

ಹೊಸ ಹೋರಿಯನ್ನು ನೇಗಿಲಿಗೆ ಪಳಗಿಸುವಾಗ ನಮ್ಮ ಗೌರಿಬಿದನೂರಿನ ಕಡೆಯ ರೈತರು ಅದನ್ನು ಮತ್ತೊಂದು ಹೊಸ ಹೋರಿಯೊಡನೆ ನೊಗಕ್ಕೆ ಕಟ್ಟುತ್ತಿರಲಿಲ್ಲ. ಹಲವು ಮುಂಗಾರುಗಳನ್ನು ಕಂಡ ಹಳೆಯ ಎತ್ತಿನ ಪಕ್ಕಕ್ಕೆ ಕಟ್ಟುತ್ತಿದ್ದರು. ಹೋರಿ ಮುನ್ನುಗ್ಗಲು ನೋಡುತ್ತದೆ. ಹಳೆಯ ಎತ್ತು ತನ್ನ ನಡಿಗೆಯನ್ನು ಬದಲಿಸುವುದಿಲ್ಲ. ಹೋರಿ ಹಿಂಜರಿಯುತ್ತದೆ, ಆಗಲೂ ಹಳೆಯ ಎತ್ತು ಅದೇ ನಡಿಗೆಯಲ್ಲಿ ಸಾಗುತ್ತದೆ. ಹೊತ್ತು ಮುಳುಗುವವರೆಗೆ ದುಡಿಯಬೇಕಾದ ಪ್ರಾಣಿಯ ನಡಿಗೆ ಯಾವುದೆಂಬುದು ನಾಲ್ಕು ದಿನಗಳಲ್ಲಿ ಹೋರಿಗೆ ತಿಳಿದುಹೋಗುತ್ತದೆ. ಟ್ರ್ಯಾಕ್ಟರುಗಳು ಬಂದ ಮೇಲೆ ಈ ನೋಟ ಅಪರೂಪವಾಗಿದೆ. ಆದರೆ ಆ ವಿದ್ಯೆ ಇಂದು ಪಟ್ಟಣಗಳ ಡಾಂಬರು ರಸ್ತೆಗಳ ಮೇಲೆ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬೆಂಗಳೂರಿನ ಹತ್ತು ಕಿಲೋಮೀಟರುಗಳ ರಸ್ತೆ ಓಟ 2008ರಲ್ಲಿ ಆರಂಭವಾಯಿತು. ದೇಶವಿದೇಶಗಳ ನುರಿತ ಓಟಗಾರರು ಅದರ ಬಹುಮಾನಗಳಿಗಾಗಿ ಸ್ಪರ್ಧಿಸುತ್ತಾರೆ. ಅವರ ಹಿಂದೆ ಸಾವಿರಾರು ಮಂದಿ ಸಾಮಾನ್ಯರು ಓಡುತ್ತಾರೆ: ಗುಮಾಸ್ತರು, ಗೃಹಿಣಿಯರು, ವಿದ್ಯಾರ್ಥಿಗಳು, ನಿವೃತ್ತರು. ಈ ಹಿಂದಿನವರಿಗೆ ಬಹುಮಾನದ ಆಸೆ ಇಲ್ಲ. ಆದರೆ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಒಂದೊಂದು ಗುಟ್ಟಾದ ಅಂಕಿ ಇರುತ್ತದೆ. ಒಬ್ಬರಿಗೆ ಅದು ಒಂದು ಗಂಟೆ, ಇನ್ನೊಬ್ಬರಿಗೆ ಒಂದೂವರೆ ಗಂಟೆ. ಅಷ್ಟರೊಳಗೆ ಮುಗಿಸಿದರೆ ಅವರ ಮಟ್ಟಿಗೆ ಅದೇ ಗೆಲುವು. ಆ ಅಂಕಿಯನ್ನು ಮುಟ್ಟಲು ನೆರವಾಗಲೆಂದು ಜೊತೆಯಲ್ಲಿ ಓಡುವವನೊಬ್ಬನಿರುತ್ತಾನೆ. ಅವನನ್ನು ಪೇಸರ್ ಎನ್ನುವುದು ವಾಡಿಕೆ. ದೊಡ್ಡ ಓಟಗಳಲ್ಲಿ ಸಂಘಟಕರೇ ಇಂಥವರನ್ನು ನೇಮಿಸುವುದುಂಟು. ಮುಗಿಸುವ ವೇಳೆಯನ್ನು ಬರೆದ ಪುಟ್ಟ ಬಾವುಟವನ್ನು ಹೊತ್ತು ಅವರು ಓಡುತ್ತಾರೆ. ಬಾವುಟವಿಲ್ಲದೆ, ಕೇವಲ ಸ್ನೇಹಕ್ಕಾಗಿ ಓಡುವವರೂ ಇದ್ದಾರೆ. ಅವರನ್ನು ನಾನು ಜೊತೆಯೋಟಗಾರರೆಂದು ಕರೆಯುತ್ತೇನೆ.

ದೂರವನ್ನು ಕಾಲಿನಿಂದ ಅಳೆಯುವುದು ನಮ್ಮ ತಾಲ್ಲೂಕಿಗೆ ಹೊಸತಲ್ಲ. ಶಿಕ್ಷಣತಜ್ಞರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೆಸರಾದ ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ, ಹದಿನೈದರ ಬಾಲಕನಾಗಿದ್ದಾಗ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರುವುದಕ್ಕೆ ಅವರು ಬೆಂಗಳೂರಿಗೆ ಹೋದದ್ದು ನಡೆದುಕೊಂಡು. ಸುಮಾರು 80 ಕಿಲೋಮೀಟರುಗಳ ಹಾದಿ, ಎರಡು ದಿನಗಳ ನಡಿಗೆ. ಅದು ಬಡತನ ನಡೆಸಿದ ನಡಿಗೆ. ನಮ್ಮದು ಹವ್ಯಾಸದ ಓಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ದೂರದ ಹಾದಿಯ ನಿಯಮ ಇಬ್ಬರಿಗೂ ಒಂದೇ: ನಾಳೆಯೂ ನಡೆಯಬೇಕಾದವನು ಇಂದಿನ ಮೊದಲ ಗಳಿಗೆಯಲ್ಲಿ ಧಾವಿಸಬಾರದು. ಈ ನಿಯಮವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಬ್ಬ ಗೆಳೆಯನನ್ನು ಬಳಲಿಸಿ ಕಲಿತೆ.

ಆ ಗೆಳೆಯ ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದವನು. ವೈದ್ಯರು ದಿನವೂ ನಡೆಯಬೇಕೆಂದರು. ನಡಿಗೆ ಒಂದೆರಡು ವರ್ಷಗಳಲ್ಲಿ ಓಟಕ್ಕೆ ತಿರುಗಿತು. ಬೆಳಗಿನ ಜಾವ ಗೌರಿಬಿದನೂರಿನಿಂದ ವಿದುರಾಶ್ವತ್ಥದ ಕಡೆಗೆ ಇಬ್ಬರೂ ಓಡುತ್ತಿದ್ದೆವು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಿಗಳು ಗುಂಡಿಗೆ ಬಲಿಯಾದ ಆ ಊರು ನಮ್ಮಿಂದ ಆರು ಕಿಲೋಮೀಟರುಗಳ ಆಸುಪಾಸಿನಲ್ಲಿದೆ. ಅಷ್ಟು ದೂರ ಹೋಗಿ ಹಿಂದಿರುಗುವ ಶಕ್ತಿ ಬಂದ ಮೇಲೆ ಗೆಳೆಯನಿಗೆ ಬೆಂಗಳೂರಿನ ಓಟದ ಆಸೆ ಹುಟ್ಟಿತು. ಅವನ ಗುಟ್ಟಿನ ಅಂಕಿ 75 ನಿಮಿಷ. ಜೊತೆಯಲ್ಲಿ ಓಡುತ್ತೇನೆಂದು ನಾನು ಮಾತು ಕೊಟ್ಟೆ. ನಾನು ಅವನಿಗಿಂತ ಹತ್ತು ವರ್ಷ ಚಿಕ್ಕವನು. ನನ್ನ ಓಟದ ವೇಗ ಹೆಚ್ಚಿನದು. ಜೊತೆಯೋಟಕ್ಕೆ ಅಷ್ಟೇ ಅರ್ಹತೆ ಸಾಕೆಂದು ನಂಬಿದ್ದೆ.

ಎಪ್ಪತ್ತೈದು ನಿಮಿಷಗಳಲ್ಲಿ ಹತ್ತು ಕಿಲೋಮೀಟರು ಎಂದರೆ ಕಿಲೋಮೀಟರಿಗೆ ಏಳೂವರೆ ನಿಮಿಷ. ಆ ದಿನ ಓಟ ಆರಂಭವಾದಾಗ ಬ್ಯಾಂಡು ಬಾರಿಸುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಸುತ್ತಲಿನವರೆಲ್ಲ ಮುನ್ನುಗ್ಗುತ್ತಿದ್ದರು. ನಾನೂ ಆ ಪ್ರವಾಹದಲ್ಲಿ ಸೇರಿಕೊಂಡೆ; ನನ್ನನ್ನು ನಂಬಿದ ಗೆಳೆಯ ನನ್ನ ಹಿಂದೆ ಬಂದ. ಮೊದಲ ಎರಡು ಕಿಲೋಮೀಟರುಗಳು ಹನ್ನೆರಡೂವರೆ ನಿಮಿಷಗಳಲ್ಲಿ ಮುಗಿದವು. ಎರಡೂವರೆ ನಿಮಿಷ ಉಳಿತಾಯವಾಯಿತೆಂದು ನಾನು ಹಿಗ್ಗಿ ಹೇಳಿದೆ. ಏಳನೆಯ ಕಿಲೋಮೀಟರಿನಲ್ಲಿ ಅವನ ಹೆಜ್ಜೆ ಕುಂಟತೊಡಗಿತು. ಕೊನೆಯ ಮೂರು ಕಿಲೋಮೀಟರುಗಳನ್ನು ಅವನು ನಡೆದು, ಓಡಿ, ಮತ್ತೆ ನಡೆದು ಮುಗಿಸಿದ. ಕಿಲೋಮೀಟರಿಗೆ ಹತ್ತು ನಿಮಿಷ ಹಿಡಿಯಿತು. ಒಟ್ಟು ವೇಳೆ 81 ನಿಮಿಷ. ಎರಡೂವರೆ ನಿಮಿಷ ಉಳಿಸಲು ಹೋಗಿ, ಆ ಉಳಿತಾಯವನ್ನೂ ಕಳೆದುಕೊಂಡು, ಮೇಲೆ ಆರು ನಿಮಿಷ ದಂಡ ತೆತ್ತಂತಾಯಿತು. ಗೆಳೆಯ ರಸ್ತೆಯಂಚಿನಲ್ಲಿ ಕುಳಿತು ಎದೆಯ ಮೇಲಿನ ಅಂಕಿಯ ಚೀಟಿಯನ್ನು ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಊರಿಗೆ ಬಂದ ಮೇಲೆ ಹಲವು ವಾರ ಬೆಳಗಿನ ಓಟಕ್ಕೂ ಬರಲಿಲ್ಲ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೀಗೇಕಾಯಿತು? ನಮ್ಮ ದೇಹ ಓಟದ ವೆಚ್ಚವನ್ನು ಬಹುಮಟ್ಟಿಗೆ ಉಸಿರಿನಿಂದ ದೊರೆತ ಆಮ್ಲಜನಕದ ಬಲದಿಂದ ತೂಗಿಸುತ್ತದೆ. ವೇಗ ಒಂದು ಮಿತಿಯನ್ನು ಮೀರಿದರೆ ಈ ಆದಾಯ ಸಾಲದು. ಆಗ ಸ್ನಾಯುಗಳು ಆಮ್ಲಜನಕದ ನೆರವಿಲ್ಲದೆಯೂ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುತ್ತವೆ. ಅದು ಕೈಗಡದ ಹಣವಿದ್ದಂತೆ. ಬೇಗ ದೊರೆಯುತ್ತದೆ, ಬೇಗ ತೀರಿಸಬೇಕಾಗುತ್ತದೆ. ಸ್ನಾಯುಗಳ ಒಳಗಿನ ಹದ ಕೆಡುತ್ತದೆ, ಮೈಯ ಬಿಸಿ ಏರುತ್ತದೆ, ಉಸಿರು ಮೇಲೇರುತ್ತದೆ. ವಿಪರ್ಯಾಸವೆಂದರೆ ಮೊದಲ ಹತ್ತು ನಿಮಿಷ ಇದಾವುದೂ ತಿಳಿಯುವುದಿಲ್ಲ. ವಿಶ್ರಾಂತಿ ಪಡೆದ ಕಾಲುಗಳು, ತಂಪು ಹೊತ್ತು, ಜನರ ಉತ್ಸಾಹ, ಎಲ್ಲವೂ ಸೇರಿ ಆಯಾಸವನ್ನು ಮರೆಮಾಚುತ್ತವೆ. ತಾನು ಸುಖವಾಗಿದ್ದೇನೆಂದು ಓಟಗಾರ ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಆದುದರಿಂದಲೇ ಅವನ ಪಕ್ಕದಲ್ಲಿ ಹೊರಗಿನಿಂದ ಲೆಕ್ಕವಿಡುವ ಒಬ್ಬನು ಬೇಕು. ಆ ಒಬ್ಬನೂ ಉತ್ಸಾಹಕ್ಕೆ ಮರುಳಾದರೆ ಓಟಗಾರನಿಗೆ ದಿಕ್ಕಿಲ್ಲ.

ಈ ಮಾತಿಗೆ ಕ್ರೀಡೆಯ ಇತಿಹಾಸದಲ್ಲೊಂದು ಒಳ್ಳೆಯ ನಿದರ್ಶನವಿದೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದ. ನಾಲ್ಕು ನಿಮಿಷಗಳೊಳಗೆ ಮೈಲಿ ಓಡಿದವರಲ್ಲಿ ಅವನೇ ಮೊದಲಿಗ. ಅವನ ಇಬ್ಬರು ಗೆಳೆಯರು ಸರದಿಯಂತೆ ಮುಂದೆ ಓಡಿ ವೇಗವನ್ನು ಕಾಯ್ದುಕೊಟ್ಟರು. ಮೊದಲು ಕ್ರಿಸ್ ಬ್ರಾಷರ್, ಅನಂತರ ಕ್ರಿಸ್ ಚಾಟವೇ. ಮೊದಲ ಸುತ್ತಿನಲ್ಲಿ ಬ್ಯಾನಿಸ್ಟರನ ಕಾಲುಗಳಿಗೆ ಭಾರವೇ ತಿಳಿಯಲಿಲ್ಲ. ಇನ್ನೂ ಬೇಗ ಓಡೆಂದು ಅವನು ಹಿಂದಿನಿಂದ ಬ್ರಾಷರನಿಗೆ ಕೂಗಿ ಹೇಳಿದ. ಬ್ರಾಷರ್ ಜಗ್ಗಲಿಲ್ಲ, ಅದೇ ವೇಗದಲ್ಲಿ ಓಡಿದ. ಸುತ್ತು ಮುಗಿದಾಗ ಗಡಿಯಾರ 57.5 ಸೆಕೆಂಡು ತೋರಿಸಿತು. ಇರಬೇಕಾದುದಕ್ಕಿಂತ ವೇಗ ಹೆಚ್ಚೇ ಇತ್ತು! ಗೆಳೆಯನ ಕೂಗಿಗೆ ಓಗೊಟ್ಟಿದ್ದರೆ ದಾಖಲೆ ಅಂದು ಕೈತಪ್ಪುವ ಸಂಭವವಿತ್ತು. ಇದೇ ಬ್ರಾಷರ್ ಮುಂದೆ 1981ರಲ್ಲಿ ಲಂಡನ್ ಮ್ಯಾರಥಾನನ್ನು ಆರಂಭಿಸಿದವರಲ್ಲಿ ಒಬ್ಬನಾದ. ಸಾಮಾನ್ಯರು ಸಾವಿರಗಟ್ಟಲೆ ಸೇರಿ ಓಡುವ ಓಟಕ್ಕೆ ಬುನಾದಿ ಹಾಕಿದವನು ಇನ್ನೊಬ್ಬನಿಗಾಗಿ ಓಡಿದ ಮನುಷ್ಯನೆಂಬುದು ಉಚಿತವಾಗಿಯೇ ಇದೆ.

ಮುಂದೆ ಓಡುವವನು ಗಾಳಿಯನ್ನು ತಡೆದು ನೆರವಾಗುತ್ತಾನೆ ಎಂಬ ಮಾತೂ ಇದೆ. ಅದು ನಿಜ; ಆದರೆ ಯಾರಿಗೆ ಎಂಬುದನ್ನು ವಿಚಾರಿಸಬೇಕು. 1953ರ ಎವರೆಸ್ಟ್ ತಂಡದಲ್ಲಿ ಶರೀರವಿಜ್ಞಾನಿಯಾಗಿದ್ದ ಗ್ರಿಫಿತ್ ಪ್ಯೂ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೆಕೆಂಡಿಗೆ 6 ಮೀಟರು ವೇಗದಲ್ಲಿ ಇನ್ನೊಬ್ಬನ ಬೆನ್ನ ಹಿಂದೆ ಒಂದು ಮೀಟರು ಅಂತರದಲ್ಲಿ ಓಡುವವನಿಗೆ ಆಮ್ಲಜನಕದ ವೆಚ್ಚ ಶೇಕಡಾ 6.5ರಷ್ಟು ಇಳಿಯುತ್ತದೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿದಾಗ 41 ಮಂದಿ ಸರದಿಯಂತೆ ಅವನ ಸುತ್ತ ಓಡಿದ್ದು ಈ ಲಾಭಕ್ಕಾಗಿಯೂ ಹೌದು. ಹಾಗೆ ಸರದಿಯ ಮೇಲೆ ಹೊಸಬರು ಬಂದು ಸೇರುವುದು ನಿಯಮಕ್ಕೆ ಹೊಂದದ ಕಾರಣ ಅದನ್ನು ವಿಶ್ವದಾಖಲೆಯೆಂದು ಎಣಿಸಲಿಲ್ಲ. ನನ್ನ ಗೆಳೆಯನ ವೇಗವಾದರೋ ಸೆಕೆಂಡಿಗೆ ಎರಡು ಮೀಟರಿಗೆ ತುಸು ಮಿಕ್ಕದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅವನಿಗೆ ಎದುರಾಗುವ ತಡೆ ಪ್ಯೂ ಅಳೆದ ಓಟಗಾರನಿಗಿದ್ದುದರ ಏಳನೆಯ ಒಂದು ಪಾಲು ಮಾತ್ರ. ಅವನಿಗೆ ನನ್ನ ಬೆನ್ನಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ನನ್ನ ಗಡಿಯಾರ ಮತ್ತು ನನ್ನ ಸಂಯಮ.

ಹಾಗಾದರೆ ಜೊತೆಯೋಟಗಾರ ಮಾಡಬೇಕಾದದ್ದೇನು? ಮೊದಲನೆಯದಾಗಿ, ಅವನೂ ಹೆಸರು ನೋಂದಾಯಿಸಿ ತನ್ನದೇ ಅಂಕಿ ಧರಿಸಿರಬೇಕು; ಇನ್ನೊಬ್ಬರಿಗೆಂದು ಇಟ್ಟ ನೀರನ್ನೂ ದಾರಿಯನ್ನೂ ಬಿಟ್ಟಿಯಾಗಿ ಬಳಸುವುದು ಸ್ನೇಹದ ಹೆಸರಿನಲ್ಲಿಯೂ ಸಲ್ಲದು. ಮೊದಲ ಕಿಲೋಮೀಟರನ್ನು ಗೊತ್ತುಮಾಡಿದ ವೇಳೆಗಿಂತ ಹತ್ತು ಹದಿನೈದು ಸೆಕೆಂಡು ತಡವಾಗಿಯೇ ಮುಗಿಸಬೇಕು. ಅನಂತರ ಸಮವಾದ ನಡೆ. ಏರುದಾರಿಯಲ್ಲಿ ವೇಗವನ್ನು ಹಿಡಿದುಕೊಳ್ಳಲು ಹೆಣಗದೆ ಶ್ರಮವನ್ನು ಒಂದೇ ಸಮನಾಗಿ ಇಟ್ಟುಕೊಳ್ಳಬೇಕು. ಏರಿನಲ್ಲಿ ಕಳೆದ ಸೆಕೆಂಡುಗಳು ಇಳಿಜಾರಿನಲ್ಲಿ ಬಹುಮಟ್ಟಿಗೆ ಹಿಂದಕ್ಕೆ ಬರುತ್ತವೆ. ಕೈಗಡಿಯಾರಗಳು ತೋರಿಸುವ ದೂರ ಎತ್ತರದ ಕಟ್ಟಡಗಳ ನಡುವೆ ತಪ್ಪಬಹುದು. ಆದಕಾರಣ ರಸ್ತೆಯ ಪಕ್ಕದ ಕಿಲೋಮೀಟರು ಫಲಕಗಳನ್ನು ನಂಬುವುದೇ ಲೇಸು.

ಶ್ರಮವನ್ನು ಅಳೆಯಲು ಸುಲಭವಾದ ಸಾಧನವೆಂದರೆ ಮಾತು. ಗೆಳೆಯ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಹೇಳಬಲ್ಲನಾದರೆ ನಡೆ ಹಗುರವಾಗಿದೆ. ನಾಲ್ಕೈದು ಪದಗಳಿಗೆ ನಿಂತರೆ ಶ್ರಮ ಹೆಚ್ಚಿದೆ. ಹ್ಞೂಂ, ಉಹುಂಗಳಿಗೆ ಇಳಿದರೆ ಕೊನೆಯ ಭಾಗದಲ್ಲಿ ಹೊರತು ಅದು ಎಚ್ಚರಿಕೆಯ ಗಂಟೆ. ಆದರೆ ದಾರಿ ಸಾಗಿದಂತೆ ಪ್ರಶ್ನೆಗಳನ್ನು ಕಡಿಮೆ ಮಾಡಬೇಕು. ದಣಿದವನನ್ನು ‘ಹೇಗಿದ್ದೀಯ?’ ಎಂದು ಕೇಳಿದರೆ ಅವನು ಉತ್ತರಿಸಬೇಕಾಗುತ್ತದೆ. ಉತ್ತರ ಹುಡುಕುವಾಗ ತನ್ನ ನೋವನ್ನೆಲ್ಲ ಎಣಿಸಿಕೊಳ್ಳುತ್ತಾನೆ. ‘ಅಗೋ ಆ ಮರದವರೆಗೆ’ ಎಂದರೆ ಸಾಕು. ನಿಲ್ಲಬೇಕಾದ ಸ್ಥಳ ಅವನ ಭುಜದ ಪಕ್ಕ, ಹೆಚ್ಚೆಂದರೆ ಅರ್ಧ ಹೆಜ್ಜೆ ಮುಂದೆ. ಎರಡು ಹೆಜ್ಜೆ ಮುಂದೆ ಹೋದರೆ ಅವನು ಅಟ್ಟಿಸಿಕೊಂಡು ಬರುವವನಾಗುತ್ತಾನೆ. ನೀರಿನ ಮೇಜಿನ ಬಳಿ ತಾನೇ ಮುಂದಾಗಿ ಲೋಟ ತಂದುಕೊಡಬಹುದು. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿಸಬೇಕು. ಬಲವಂತವಾಗಿ ಹೆಚ್ಚು ಕುಡಿಸಿದರೆ ರಕ್ತದ ಉಪ್ಪಿನಂಶ ತೆಳುವಾಗಿ ಅಪಾಯವಾಗುವುದುಂಟು.

ಎಲ್ಲಕ್ಕಿಂತ ಗುರುತರವಾದ ಹೊಣೆ ಇನ್ನೊಂದಿದೆ. ಎದೆನೋವು, ತಲೆಸುತ್ತು, ಮಾತಿನ ತೊದಲು, ಹೆಜ್ಜೆಯ ತೂರಾಟ, ಇವುಗಳಲ್ಲಿ ಯಾವುದು ಕಂಡರೂ ಓಟ ಅಲ್ಲಿಗೆ ಮುಗಿಯಿತು. ‘ಇನ್ನು ಒಂದೇ ಕಿಲೋಮೀಟರು’ ಎಂದು ಗೆಳೆಯ ಅಂಗಲಾಚಿದರೂ ನಿಲ್ಲಿಸಿ ವೈದ್ಯಕೀಯ ನೆರವಿಗೆ ಒಪ್ಪಿಸಬೇಕು. ಹುರಿದುಂಬಿಸಲು ದಾರಿಯುದ್ದಕ್ಕೂ ನೂರಾರು ಜನರಿರುತ್ತಾರೆ. ಸಾಕೆನ್ನಲು ಅಧಿಕಾರವಿರುವವನು ಪಕ್ಕದವನೊಬ್ಬನೇ.

ಜೊತೆಯೋಟ ಪರಿಪೂರ್ಣ ರೂಪದಲ್ಲಿ ಕಾಣುವುದು ದೃಷ್ಟಿಯಿಲ್ಲದವರ ಓಟದಲ್ಲಿ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 1500 ಮೀಟರು ಓಟದಲ್ಲಿ 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿಯೂ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕೂಟದಲ್ಲಿಯೂ ಚಿನ್ನದ ಪದಕ ಗೆದ್ದವರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿಯೂ ಓಡಿದರು. ಅವರ ವರ್ಗದ ಓಟದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮಾರ್ಗದರ್ಶಿಯೊಡನೆ ಒಂದು ಗಿಡ್ಡ ದಾರದ ಎರಡು ತುದಿಗಳನ್ನು ಹಿಡಿದು ಓಡಬೇಕು. ಮಾರ್ಗದರ್ಶಿ ಓಟಗಾರ್ತಿಯನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಗುರಿಗೆರೆಯನ್ನು ಅವಳಿಗಿಂತ ಮೊದಲು ದಾಟುವಂತಿಲ್ಲ. ಇಬ್ಬರ ತೋಳುಗಳೂ ಹೆಜ್ಜೆಗಳೂ ಒಂದೇ ಲಯದಲ್ಲಿ ಬೀಸಬೇಕಾಗುತ್ತದೆ. ಮಾರ್ಗದರ್ಶಿಗೆ ಓಟಗಾರ್ತಿಗಿಂತ ಹೆಚ್ಚಿನ ಸಾಮರ್ಥ್ಯವಿರಬೇಕು. ಆದರೆ ಆ ಹೆಚ್ಚಳವನ್ನು ಅವನು ಎಂದೂ ಪ್ರದರ್ಶಿಸಬಾರದು.

ಪ್ಯಾರಿಸ್‌ನ ಆ ಕೂಟದಲ್ಲಿಯೇ, ಸೆಪ್ಟೆಂಬರ್ 8ರ ಮ್ಯಾರಥಾನಿನಲ್ಲಿ, ಇನ್ನೊಂದು ಪ್ರಸಂಗ ನಡೆಯಿತು. ಸ್ಪೇನಿನ ಎಲೆನಾ ಕೊಂಗೋಸ್ಟ್ ಮೂರನೆಯವಳಾಗಿ ಗುರಿಗೆರೆಯನ್ನು ಸಮೀಪಿಸುತ್ತಿದ್ದಳು. ಇನ್ನು ಕೆಲವೇ ಮೀಟರುಗಳಿರುವಾಗ ಮಾರ್ಗದರ್ಶಿಯ ಕಾಲು ಸೆಳೆತು ಅವನು ಮುಗ್ಗರಿಸಿದ. ಅವನನ್ನು ಹಿಡಿಯಲೆಂದು ಅವಳು ಕ್ಷಣಕಾಲ ದಾರವನ್ನು ಬಿಟ್ಟಳು. ಗೆರೆ ದಾಟುವವರೆಗೆ ದಾರವನ್ನು ಬಿಡಬಾರದೆಂಬುದು ನಿಯಮ. ಅವಳನ್ನು ಅಂದು ಅನರ್ಹಳೆಂದು ಸಾರಿದರು. ನಿಯಮದ ನ್ಯಾಯಾನ್ಯಾಯವನ್ನು ಬಲ್ಲವರು ಚರ್ಚಿಸಲಿ. 42 ಕಿಲೋಮೀಟರುಗಳ ಉದ್ದಕ್ಕೂ ಒಬ್ಬನ ನೆರವಿನಿಂದ ಓಡಿ ಬಂದವಳು, ಅವನು ಬೀಳುವಾಗ ಪದಕವನ್ನು ನೆನೆಯಲಿಲ್ಲ ಎಂಬುದಷ್ಟೇ ನನ್ನ ಮನಸ್ಸಿನಲ್ಲಿ ಉಳಿದಿರುವುದು. ದಾರಕ್ಕೆ ಎರಡು ತುದಿಗಳಿರುತ್ತವೆ.

ನನ್ನ ಗೆಳೆಯನ ವಿಷಯಕ್ಕೆ ಮತ್ತೆ ಬರುತ್ತೇನೆ. ಕೆಲವು ತಿಂಗಳುಗಳ ಬಳಿಕ ನಾನೇ ಅವನ ಮನೆಗೆ ಹೋಗಿ, ತಪ್ಪು ನನ್ನದೆಂದು ಒಪ್ಪಿಕೊಂಡು, ಇನ್ನೊಮ್ಮೆ ಅವಕಾಶ ಕೊಡೆಂದು ಕೇಳಿದೆ. ಕನ್ನಡ ತೆಲುಗುಗಳೆರಡೂ ಬೆರೆತ ನಮ್ಮ ಗಡಿಯೂರಿನಲ್ಲಿ ಎರಡು ಭಾಷೆಗಳಿಗೂ ಸಲ್ಲುವ ಗಾದೆ ಒಂದುಂಟು: ‘ನಿಧಾನವೇ ಪ್ರಧಾನ.’ ಅವನು ನಕ್ಕು ಅದನ್ನೇ ಹೇಳಿದ. ಆ ವರ್ಷ ಅಭ್ಯಾಸವೆಲ್ಲ ನಾನು ಅವನ ವೇಗವನ್ನು ಕಲಿಯುವುದಕ್ಕಾಗಿ ನಡೆಯಿತು. ಬೇರೊಬ್ಬರ ವೇಗ ನಮ್ಮ ಕಾಲುಗಳಿಗೆ ಬರುವುದು ಸುಲಭವಲ್ಲ. ಹೆಜ್ಜೆಯನ್ನು ಚಿಕ್ಕದು ಮಾಡಿ, ನಿಮಿಷಕ್ಕೆ ಸುಮಾರು 160ರ ಲೆಕ್ಕದಲ್ಲಿ ಎಣಿಸುತ್ತ, ವಿದುರಾಶ್ವತ್ಥದ ದಾರಿಯಲ್ಲಿ ಹಲವು ಬೆಳಗುಗಳನ್ನು ಕಳೆದೆ.

ಎರಡನೆಯ ಸಲ ಬೆಂಗಳೂರಿನಲ್ಲಿ ಮೊದಲ ಕಿಲೋಮೀಟರಿಗೆ ಏಳು ನಿಮಿಷ 45 ಸೆಕೆಂಡು ಹಿಡಿಯಿತು. ಚಿಕ್ಕ ಹುಡುಗರೂ ನಮ್ಮನ್ನು ದಾಟಿ ಹೋದರು. ‘ಏನಯ್ಯಾ, ಇದು ಓಟವೋ ಮೆರವಣಿಗೆಯೋ?’ ಎಂದು ಗೆಳೆಯ ಕೇಳಿದ. ನಾನು ಉತ್ತರಿಸಲಿಲ್ಲ. ನಾಲ್ಕನೆಯ ಕಿಲೋಮೀಟರಿನಲ್ಲಿ ‘ಸ್ವಲ್ಪ ಬಿಡೋಣ, ಕಾಲು ಹಗುರವಾಗಿದೆ’ ಎಂದ. ‘ಎಂಟಾಗಲಿ’ ಎಂದೆ. ಆರರ ಬಳಿಕ, ಹುಮ್ಮಸ್ಸಿನಿಂದ ಮುಂದೆ ಹೋಗಿದ್ದವರು ಒಬ್ಬೊಬ್ಬರಾಗಿ ನಡೆಯುತ್ತಿರುವುದು ಕಂಡಿತು. ಅವರನ್ನು ದಾಟುವಾಗ ಹಿಂದಿನ ವರ್ಷದ ನಮ್ಮನ್ನೇ ದಾಟಿದಂತಾಯಿತು. ಎಂಟನೆಯ ಫಲಕ ಬಂದಾಗ ಅವನ ಉಸಿರು ದಟ್ಟವಾಗಿತ್ತು. ಆದರೆ ಹೆಜ್ಜೆ ಒಡೆದಿರಲಿಲ್ಲ. ‘ಈಗ ನಿನ್ನಿಷ್ಟ’ ಎಂದೆ. ಅವನು ಮಾತಾಡಲಿಲ್ಲ; ನಡೆ ಮಾತ್ರ ತುಸು ಬಿರುಸಾಯಿತು.

ಗುರಿಗೆರೆಗೆ ಮುನ್ನೂರು ಮೀಟರುಗಳಿರುವಾಗ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ, ಅನಂತರ ಎರಡು, ಅನಂತರ ಐದು. ಅಲ್ಲಿಂದಾಚೆಗೆ ನನ್ನ ಕೆಲಸವಿರಲಿಲ್ಲ. ನರೆತ ತಲೆಯ ಆ ಮನುಷ್ಯ ಜನರ ಚಪ್ಪಾಳೆಯ ನಡುವೆ ಒಬ್ಬನೇ ಓಡುತ್ತಿರುವುದನ್ನು ಹಿಂದಿನಿಂದ ನೋಡಿದೆ. ಅವನ ವೇಳೆ 74 ನಿಮಿಷ 40 ಸೆಕೆಂಡು. ನಾನೊಬ್ಬನೇ ಓಡಿದ್ದರೆ ಎಷ್ಟೋ ಮೊದಲೇ ಮುಗಿಸಬಹುದಾಗಿದ್ದ ಓಟ ಅದು. ಆದರೆ ನನ್ನ ಸ್ವಂತದ ಯಾವ ಓಟದ ವೇಳೆಯೂ ನನಗೆ ಸೆಕೆಂಡಿನವರೆಗೆ ನೆನಪಿಲ್ಲ.

ಕಚೇರಿಯಲ್ಲಿ ಮೃದಂಗ ನುಡಿಸುವವರನ್ನು ನಾವು ಪಕ್ಕವಾದ್ಯದವರೆನ್ನುತ್ತೇವೆ. ಗಾಯಕ ಎತ್ತಿಕೊಂಡ ಕಾಲಪ್ರಮಾಣವನ್ನು ಕೊನೆಯವರೆಗೆ ಕೆಡದಂತೆ ಕಾಯುವುದು ಅವರ ಧರ್ಮ. ಅವರಲ್ಲಿ ಎಷ್ಟು ವಿದ್ವತ್ತಿದ್ದರೂ ಹಾಡು ಅವರದಲ್ಲ. ಅವರಿಲ್ಲದೆ ಹಾಡು ನಿಲ್ಲುವುದೂ ಇಲ್ಲ. ಜೊತೆಯೋಟಗಾರನ ಸ್ಥಾನವೂ ಅಂಥದೇ. ಮುಂದೆ ಹೋಗಬಲ್ಲವನಾಗಿಯೂ ಪಕ್ಕದಲ್ಲಿಯೇ ಇರುವುದು, ಗೆಳೆಯ ಕೇಳಿದಾಗಲೂ ಅವನಿಗೆ ಕೆಡುಕಾಗುವುದನ್ನು ಕೊಡದಿರುವುದು, ಕೊನೆಯ ಗಳಿಗೆಯಲ್ಲಿ ಸದ್ದಿಲ್ಲದೆ ಹಿಂದೆ ಸರಿಯುವುದು, ಈ ಮೂರನ್ನು ಕಲಿಯಲು ನನಗೆ ಎರಡು ಓಟಗಳು ಬೇಕಾದವು. ಮೊದಲನೆಯದಕ್ಕೆ ಬೆಲೆ ತೆತ್ತವನು ನನ್ನ ಗೆಳೆಯ. ಈಗಲೂ ಬೆಳಗಿನ ಜಾವ ಅವನು ನಮ್ಮ ಮನೆಯ ಮುಂದೆ ನಿಂತು ಕೂಗುತ್ತಾನೆ. ನಾನು ಹೊರಡುತ್ತೇನೆ, ಅವನ ವೇಗದಲ್ಲಿ.